ಇಂಗಾಲದ ಬೆನ್ನ ಹಿಂದೆ



ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವದ ಕಡೆ ಹೊರಟರೆ ದಾರಿಯಲ್ಲಿ ಶಂಕರಪುರ ಸಿಗುತ್ತದೆ. ಅಲ್ಲಿಯ ಹಿತ್ತಿಲುಗಳಲ್ಲಿ ಬೆಳಕು ಹರಿಯುವಾಗಲೇ ಮಲ್ಲಿಗೆ ಮೊಗ್ಗು ಕೊಯ್ಯುವ ಗಡಿಬಿಡಿ. ಕೊಯ್ದದ್ದನ್ನು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ಬೇರೆ. ಮದುವೆ, ನೇಮ, ಕೋಲಗಳ ಕಾಲದಲ್ಲಿ ಅಟ್ಟೆಗೆ ಸಾವಿರ ರೂಪಾಯಿ ದಾಟುವುದೂ ಉಂಟು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳ ಹಾಗೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಂಜೆಯ ಹೊತ್ತಿಗೆ ಈ ಹೂ ಉಡುಪಿಯ ಬನ್ನಂಜೆಯಲ್ಲಿ ಬಸ್ಸಿಗೆ ಕಾಯುವವರ ಮುಡಿಯಲ್ಲೂ ಇರುತ್ತದೆ, ಮುಂಬಯಿಯ ದಾರಿಯಲ್ಲೂ ಇರುತ್ತದೆ.

ಮಲ್ಲಿಗೆಯ ಘಮ ಒಂದೇ ವಸ್ತುವಿನದಲ್ಲ. ಲಿನಲೂಲ್, ಇಂಡೋಲ್, ಫಾರ್ನೆಸೀನ್, ಮೀಥೈಲ್ ಆಂಥ್ರನಿಲೇಟ್ ಹೀಗೆ ಹತ್ತಾರು ಅಣುಗಳು ಅದರಲ್ಲಿ ಸೇರಿವೆ. ಇವುಗಳ ನಡುವೆ ಬೆಂಜೈಲ್ ಅಸಿಟೇಟ್‌ಗೆ ದೊಡ್ಡ ಪಾತ್ರ. ಅಗರಬತ್ತಿಗೂ ಸಾಬೂನಿಗೂ ಮಲ್ಲಿಗೆ ವಾಸನೆ ಕೊಡಬೇಕಾದರೆ ಕಾರ್ಖಾನೆಯವರು ಅಟ್ಟೆಗಟ್ಟಲೆ ಹೂ ಕೊಳ್ಳುತ್ತಾ ಕೂತರೆ ಪೂರೈಸೀತೇ? ಅವರು ಬೆಂಜೈಲ್ ಅಸಿಟೇಟನ್ನೇ ತಯಾರಿಸುತ್ತಾರೆ. ಅದಕ್ಕೆ ಬಹುಕಾಲದಿಂದ ನಡೆದು ಬಂದ ಒಂದು ದಾರಿ ಹೀಗಿದೆ: ಬೆಂಜೈಲ್ ಕ್ಲೋರೈಡಿಗೆ ಸೋಡಿಯಂ ಅಸಿಟೇಟ್ ಸೇರಿಸಿ ಕಾಯಿಸುವುದು. ಕ್ಲೋರಿನ್ ಹೊರಗೆ ಹೋಗುತ್ತದೆ, ಅದರ ಜಾಗಕ್ಕೆ ಅಸಿಟೇಟ್ ಬರುತ್ತದೆ. ಜೊತೆಗೆ ಹುಟ್ಟುವುದು ಅಡಿಗೆ ಉಪ್ಪು. ಬೆಂಜೈಲ್ ಕ್ಲೋರೈಡ್ ಅಂದರೆ ಮೂಗಿಗೆ ಬಡಿದರೆ ಕಣ್ಣಲ್ಲಿ ಧಾರಾಕಾರ ನೀರು ತರಿಸುವ ದ್ರವ. ಅದರ ಹೊಟ್ಟೆಯಿಂದ ಮಲ್ಲಿಗೆ ಪರಿಮಳ ಹುಟ್ಟುತ್ತದೆ.

ಒಂದು ಗುಂಪು ಬಂದು, ಇನ್ನೊಂದನ್ನು ಹೊರಡಿಸಿ, ತಾನು ಅಲ್ಲಿ ಕೂರುವ ಈ ವ್ಯವಹಾರಕ್ಕೆ ನ್ಯೂಕ್ಲಿಯೋಫಿಲಿಕ್ ಆದೇಶನ ಕ್ರಿಯೆ ಎಂದು ಹೆಸರು. ದ್ವಿತೀಯ ಪಿಯುಸಿಯ ಹ್ಯಾಲೋಆಲ್ಕೇನುಗಳ ಪಾಠದಲ್ಲಿ ಇದು ಎಸ್‌ಎನ್1, ಎಸ್‌ಎನ್2 ಎಂಬ ಎರಡು ವೇಷಗಳಲ್ಲಿ ಬರುತ್ತದೆ. ಮಕ್ಕಳು ಸಾಮಾನ್ಯವಾಗಿ ಎರಡು ಕಾಲಂ ಎಳೆದು ವ್ಯತ್ಯಾಸಗಳನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಆ ಕೋಷ್ಟಕದ ಪ್ರತಿಯೊಂದು ಸಾಲೂ ಒಂದೇ ಪ್ರಶ್ನೆಯಿಂದ ಹುಟ್ಟಿದ್ದು: ಎಲೆಕ್ಟ್ರಾನುಗಳು ಎಲ್ಲಿವೆ, ಅವುಗಳಿಗೆ ಹೋಗಿ ಕೂರಲು ಖಾಲಿ ಜಾಗ ಎಲ್ಲಿದೆ? ಇದನ್ನು ಹಿಡಿದವರಿಗೆ ಕೋಷ್ಟಕ ಬೇಡ.

ಮೊದಲು ಎಲೆಕ್ಟ್ರಾನುಗಳ ಕಡೆ ನೋಡೋಣ. ಮಲ್ಪೆಯಿಂದ ತಂದ ಮೀನು ಹೊತ್ತಾದಂತೆ ನಾರುವುದು ಬಹುಪಾಲು ಟ್ರೈಮೀಥೈಲಮೀನ್ ಎಂಬ ಅನಿಲದಿಂದ. ಅದರ ನೈಟ್ರೋಜನ್ ಮೇಲೆ ಯಾವ ಬಂಧಕ್ಕೂ ಸೇರದ ಒಂದು ಜೋಡಿ ಎಲೆಕ್ಟ್ರಾನುಗಳಿವೆ. ಸಾರಿಗೆ ಹುಣಸೆ ಹುಳಿ ಬಿದ್ದ ಕೂಡಲೇ ಆ ಜೋಡಿ ಆಮ್ಲದ ಪ್ರೋಟಾನನ್ನು ಹಿಡಿದುಕೊಳ್ಳುತ್ತದೆ. ಅಣುವಿಗೆ ಧನ ವಿದ್ಯುದಂಶ ಬಂದು ಅದು ನೀರಲ್ಲೇ ಉಳಿಯುತ್ತದೆ, ಮೂಗಿನವರೆಗೆ ಹಾರುವುದಿಲ್ಲ. ಅದೇ ಜೋಡಿ ಪ್ರೋಟಾನಿನ ಬದಲು ಇಂಗಾಲದ ಮೇಲೆ ಕಣ್ಣಿಟ್ಟರೆ ಅದನ್ನು ನ್ಯೂಕ್ಲಿಯೋಫೈಲ್ ಎನ್ನುತ್ತಾರೆ. ಅಸಿಟೇಟಿನ ಆಮ್ಲಜನಕ, ಅಮೋನಿಯದ ನೈಟ್ರೋಜನ್, ಅಯೋಡೈಡ್ ಎಲ್ಲವೂ ಈ ಜಾತಿಯವೇ. ಕೊಡಲು ಒಂದು ಜೋಡಿ ಇರಬೇಕು, ಅದು ತೀರಾ ಬಿಗಿಯಾಗಿ ಹಿಡಿದಿಟ್ಟದ್ದಾಗಿರಬಾರದು, ಅಷ್ಟೆ.

ಕೊಡುವವರು ಸಿಕ್ಕಿದರು. ತೆಗೆದುಕೊಳ್ಳುವ ಇಂಗಾಲದ ಸುತ್ತ ಆಗಲೇ ನಾಲ್ಕು ಬಂಧಗಳಿವೆ, ಎಲ್ಲ ತುಂಬಿವೆ. ಹಾಗಾದರೆ ಹೊಸಬನಿಗೆ ಜಾಗ ಎಲ್ಲಿ?

ಈ ಒಗಟಿಗೆ ಮೊದಲ ಸುಳಿವು ಸಿಕ್ಕಿದ್ದು 1896ರಲ್ಲಿ, ರೀಗಾ ನಗರದ ಪೌಲ್ ವಾಲ್ಡೆನ್ ಎಂಬ ರಸಾಯನ ವಿಜ್ಞಾನಿಗೆ. ಸೇಬಿನ ಹುಳಿಯಾದ ಮ್ಯಾಲಿಕ್ ಆಮ್ಲಕ್ಕೆ ಎಡಗೈ ಬಲಗೈಗಳ ಹಾಗೆ ಎರಡು ರೂಪಗಳಿವೆ. ಒಂದು ರೂಪ ಧ್ರುವೀಕೃತ ಬೆಳಕನ್ನು ಎಡಕ್ಕೆ ತಿರುಗಿಸಿದರೆ ಇನ್ನೊಂದು ಬಲಕ್ಕೆ. ವಾಲ್ಡೆನ್ ಎಡದ ಆಮ್ಲಕ್ಕೆ ಫಾಸ್ಫರಸ್ ಪೆಂಟಾಕ್ಲೋರೈಡಿನಿಂದ ಕ್ಲೋರಿನ್ ಕೂರಿಸಿದ, ಮತ್ತೆ ಸಿಲ್ವರ್ ಆಕ್ಸೈಡಿನಿಂದ ಅದನ್ನು ತೆಗೆಸಿದ. ವಾಪಸು ಬಂದದ್ದು ಮ್ಯಾಲಿಕ್ ಆಮ್ಲವೇ, ಆದರೆ ಬಲದ ರೂಪ! ಎರಡು ಹೆಜ್ಜೆಗಳಲ್ಲಿ ಯಾವುದೋ ಒಂದರಲ್ಲಿ ಅಣು ಮಗುಚಿಕೊಂಡಿತ್ತು. ಯಾವುದರಲ್ಲಿ ಎಂದು ಹೇಳಲು ಬಹಳ ವರ್ಷ ಯಾರಿಂದಲೂ ಆಗಲಿಲ್ಲ.

ಗಂಟು ಬಿಚ್ಚಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಅಲ್ಲಿ ಕ್ರಿಸ್ಟೋಫರ್ ಇಂಗೋಲ್ಡ್ ಮತ್ತು ಎಡ್ವರ್ಡ್ ಹ್ಯೂಸ್ 1930ರ ದಶಕದುದ್ದಕ್ಕೂ ಈ ಕ್ರಿಯೆಗಳ ವೇಗವನ್ನು ಅಳೆಯುತ್ತಾ ಕೂತಿದ್ದರು. ಎಸ್‌ಎನ್1, ಎಸ್‌ಎನ್2 ಎಂಬ ಹೆಸರುಗಳೂ ಅವರವೇ. 1935ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಜಾಣತನದ್ದು. ಬೆಳಕನ್ನು ಒಂದೇ ದಿಕ್ಕಿಗೆ ತಿರುಗಿಸುವ 2-ಅಯೋಡೋಆಕ್ಟೇನನ್ನು ಅಸಿಟೋನಿನಲ್ಲಿ ಕರಗಿಸಿ ವಿಕಿರಣಶೀಲ ಅಯೋಡೈಡ್ ಬೆರೆಸಿದರು. ಹಳೆಯ ಅಯೋಡಿನ್ ಹೋಗಿ ಹೊಸ ಅಯೋಡಿನ್ ಬಂದರೆ ಅಣು ಅದೇ ಅಣು. ಆದ್ದರಿಂದ ಎಷ್ಟು ಅಣುಗಳಲ್ಲಿ ಅದಲುಬದಲಾಯಿತು ಎಂಬುದನ್ನು ವಿಕಿರಣದಿಂದಲೂ, ಎಷ್ಟು ಅಣುಗಳು ಮಗುಚಿದವು ಎಂಬುದನ್ನು ಬೆಳಕಿನ ತಿರುವಿನಿಂದಲೂ ಬೇರೆಬೇರೆಯಾಗಿ ಅಳೆಯಬಹುದು. ನೂರು ಅಣುಗಳಲ್ಲಿ ಐವತ್ತು ಮಗುಚಿದರೆ ಎಡಬಲಗಳು ಸಮವಾಗಿ ತಿರುವು ಸೊನ್ನೆಯಾಗುತ್ತದೆ. ಪ್ರತಿ ಅದಲುಬದಲಿಗೂ ಒಂದು ಮಗುಚು ಇದ್ದರೆ ತಿರುವು ಕಳೆಯುವ ವೇಗ ಅದಲುಬದಲಿನ ವೇಗದ ಎರಡರಷ್ಟಿರಬೇಕು. ಅಳತೆಯಲ್ಲಿ ಸಿಕ್ಕಿದ್ದೂ ಅದೇ ಎರಡರಷ್ಟು. ಹೊಸಬ ಪ್ರತಿ ಸಲವೂ ಹಿಂದಿನಿಂದಲೇ ಬರುತ್ತಾನೆ, ಹಳಬ ಮುಂದಿನಿಂದ ಹೊರಡುತ್ತಾನೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ತರಗತಿಗಳಲ್ಲಿ ಇದನ್ನು ಹೇಳುವಾಗ ಕೊಡೆ ಬಂದೇ ಬರುತ್ತದೆ. ಆಷಾಢದ ಗಾಳಿಗೆ ಮಲ್ಪೆ ಕಡಲಬದಿಯಲ್ಲಿ ಕೊಡೆ ಉಲ್ಟಾ ಆಗುವಂತೆ ಇಂಗಾಲದ ಉಳಿದ ಮೂರು ಕೈಗಳು ಅತ್ತಿಂದಿತ್ತ ಮಗುಚುತ್ತವೆ ಎನ್ನುವುದು. ಚಿತ್ರ ಸರಿಯಾಗಿಯೇ ಇದೆ. ಆದರೆ ಕೊಡೆ ಏನಾಯಿತು ಎಂದು ಹೇಳುತ್ತದೆಯೇ ಹೊರತು ಗಾಳಿ ಯಾಕೆ ಆ ಕಡೆಯಿಂದಲೇ ಬೀಸಬೇಕು ಎಂದು ಹೇಳುವುದಿಲ್ಲ. ಮುಂದೆ ದೊಡ್ಡ ಕ್ಲೋರಿನ್ ಅಡ್ಡ ಕೂತಿದೆ, ಅದಕ್ಕೇ ಹಿಂದಿನಿಂದ ಎಂಬ ವಿವರಣೆಯೂ ಉಂಟು. ಅದು ಅರ್ಧ ಸತ್ಯ.

ಪೂರ್ತಿ ಉತ್ತರ ಆರ್ಬಿಟಲುಗಳಲ್ಲಿ, ಅಂದರೆ ಎಲೆಕ್ಟ್ರಾನುಗಳು ಇರಬಹುದಾದ ಜಾಗಗಳಲ್ಲಿ, ಇದೆ. ಎರಡು ಪರಮಾಣುಗಳ ಆರ್ಬಿಟಲುಗಳು ಸೇರಿ ಬಂಧವಾಗುವಾಗ ಒಂದರ ಬದಲು ಎರಡು ಹೊಸ ಆರ್ಬಿಟಲುಗಳು ಹುಟ್ಟುತ್ತವೆ. ಕೆಳಮಟ್ಟದ ಶಕ್ತಿಯದು ಬಂಧಕ. ಅದರಲ್ಲಿ ಎರಡು ಎಲೆಕ್ಟ್ರಾನುಗಳು ಕೂತು ಪರಮಾಣುಗಳನ್ನು ಹಿಡಿದಿಡುತ್ತವೆ. ಮೇಲ್ಮಟ್ಟದ್ದು ಪ್ರತಿಬಂಧಕ, ಅದು ಖಾಲಿ. ಸಿಗ್ಮಾ ಸ್ಟಾರ್ ಎಂದು ಅದನ್ನು ಕರೆಯುವುದು ರೂಢಿ. ಇಂಗಾಲ ಮತ್ತು ಕ್ಲೋರಿನ್ ನಡುವೆ ಕ್ಲೋರಿನ್ನಿಗೆ ಎಲೆಕ್ಟ್ರಾನಿನ ಆಸೆ ಜಾಸ್ತಿ. ಹಾಗಾಗಿ ತುಂಬಿದ ಬಂಧಕದಲ್ಲಿ ದೊಡ್ಡ ಪಾಲು ಕ್ಲೋರಿನ್ನಿನದು. ಖಾಲಿ ಉಳಿದ ಸಿಗ್ಮಾ ಸ್ಟಾರಿನಲ್ಲಿ ಇದು ತಿರುಗುಮುರುಗು: ದೊಡ್ಡ ಪಾಲು ಇಂಗಾಲದ್ದು. ಅದರಲ್ಲೂ ಅದರ ದೊಡ್ಡ ಹಾಲೆ ಚಾಚಿಕೊಂಡಿರುವುದು ಕ್ಲೋರಿನ್ನಿಗೆ ನೇರ ವಿರುದ್ಧ ದಿಕ್ಕಿಗೆ, ಇಂಗಾಲದ ಬೆನ್ನ ಹಿಂದೆ.

ಹೊಸಬನಿಗೆ ಜಾಗ ಇರುವುದು ಅಲ್ಲಿ. ಎದುರಿನಿಂದ ಬಂದರೆ ಇಂಗಾಲದ ಕಡೆಯ ಹಾಲೆಯೊಂದಿಗೆ ಹೊಂದಿಕೆಯಾದಷ್ಟೂ ಕ್ಲೋರಿನ್ ಕಡೆಯದರ ಜೊತೆ ಜಗಳವಾಗಿ ಲಾಭ ನಷ್ಟ ವಜಾ ಆಗಿಬಿಡುತ್ತದೆ. ಹಿಂದಿನಿಂದ ಬಂದರೆ ಪೂರಾ ಲಾಭ. ಇನ್ನೂ ಒಂದು ಸೊಗಸಿದೆ. ಪ್ರತಿಬಂಧಕದಲ್ಲಿ ಎಲೆಕ್ಟ್ರಾನು ಬಂದು ಕೂತಷ್ಟೂ ಹಳೆಯ ಬಂಧ ಸಡಿಲವಾಗುತ್ತದೆ. ಅಂದರೆ ಒಳಬರುವುದು ಮತ್ತು ಹೊರಹೋಗುವುದು ಎರಡು ಬೇರೆ ಘಟನೆಗಳಲ್ಲ. ಒಂದೇ ಎಲೆಕ್ಟ್ರಾನು ಜೋಡಿ ಎರಡೂ ಕೆಲಸವನ್ನು ಒಟ್ಟಿಗೇ ಮಾಡಿ ಮುಗಿಸುತ್ತದೆ. ಎಸ್‌ಎನ್2 ಎಂದರೆ ಇದೇ. ಅಯೋಡಿನ್ ಕ್ಲೋರಿನ್ನಿಗಿಂತ ಬೇಗ ಹೊರಡುವುದೂ ಇದೇ ಕಾರಣಕ್ಕೆ. ಇಂಗಾಲ ಅಯೋಡಿನ್ ಬಂಧ ದುರ್ಬಲ, ಅದರ ಸಿಗ್ಮಾ ಸ್ಟಾರ್ ಕೆಳಮಟ್ಟದಲ್ಲಿದೆ, ಹತ್ತಿ ಕೂರುವುದು ಸುಲಭ. ಒಂದರ ಅತ್ಯಂತ ಮೇಲಿನ ತುಂಬಿದ ಆರ್ಬಿಟಲ್, ಇನ್ನೊಂದರ ಅತ್ಯಂತ ಕೆಳಗಿನ ಖಾಲಿ ಆರ್ಬಿಟಲ್ ಇವೆರಡರ ಸಂಬಂಧವನ್ನು ನೋಡಿಯೇ ಕ್ರಿಯೆಗಳ ಹಣೆಬರಹ ಓದಬಹುದು ಎಂದು 1952ರಲ್ಲಿ ತೋರಿಸಿದವರು ಕ್ಯೋಟೋದ ಕೆನಿಚಿ ಫುಕುಯಿ. ರೋಲ್ಡ್ ಹಾಫ್‌ಮನ್ ಜೊತೆ ಅವರಿಗೆ 1981ರ ನೊಬೆಲ್ ಬಂತು.

ಈಗ ಕಾರ್ಖಾನೆಯ ಮಲ್ಲಿಗೆ ಪರಿಮಳಕ್ಕೆ ಮರಳಿದರೆ ಕೆಲವು ಸಂಗತಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಬೆಂಜೈಲ್ ಕ್ಲೋರೈಡಿಗೂ ಕ್ಲೋರೋಬೆಂಜೀನಿಗೂ ಇರುವ ಅಂತರ ಒಂದು ಇಂಗಾಲ, ಎರಡು ಹೈಡ್ರೋಜನ್. ಮೊದಲನೆಯದು ಚುರುಕು, ಎರಡನೆಯದು ಸೋಡಿಯಂ ಅಸಿಟೇಟ್ ಜೊತೆ ಎಷ್ಟು ಕುದಿಸಿದರೂ ಜಪ್ಪಯ್ಯ ಅನ್ನುವುದಿಲ್ಲ. ಕ್ಲೋರೋಬೆಂಜೀನಿನಲ್ಲಿ ಕ್ಲೋರಿನ್ ನೇರವಾಗಿ ಉಂಗುರದ ಇಂಗಾಲಕ್ಕೆ ಅಂಟಿದೆ. ಆ ಬಂಧದ ಸಿಗ್ಮಾ ಸ್ಟಾರಿನ ಹಿಂದಿನ ಹಾಲೆ ಇರುವುದು ಉಂಗುರದ ಒಳಗಡೆ. ಅಲ್ಲಿಗೆ ಯಾವ ಅಸಿಟೇಟ್ ತಲುಪೀತು? ಬೆಂಜೈಲ್ ಕ್ಲೋರೈಡಿನಲ್ಲಿ ಬೆನ್ನು ಬಯಲಿಗಿದೆ. ಸಾಲದ್ದಕ್ಕೆ ಅದಲುಬದಲಿನ ಕ್ಷಣದಲ್ಲಿ ನಡುವಿನ ಇಂಗಾಲದ ಆರ್ಬಿಟಲ್ ಪಕ್ಕದ ಉಂಗುರದ ಪೈ ಆರ್ಬಿಟಲುಗಳೊಂದಿಗೆ ಕೈ ಜೋಡಿಸಿ ಹೊರೆ ಹಗುರ ಮಾಡಿಕೊಳ್ಳುತ್ತದೆ. ಪಠ್ಯಗಳಲ್ಲಿ ಕೊಡುವ ಸರಾಸರಿ ವೇಗಗಳನ್ನು ನೋಡಿ: ಈಥೈಲ್ ಹ್ಯಾಲೈಡಿನ ವೇಗ 1 ಎಂದಿಟ್ಟರೆ ಮೀಥೈಲಿನದು 30, ಬೆಂಜೈಲಿನದು ಸುಮಾರು 120, ಬೆನ್ನಿಗೆ ಎರಡು ಮೀಥೈಲುಗಳನ್ನು ಹೊತ್ತ ಐಸೋಪ್ರೊಪೈಲಿನದು ಬರೀ 0.025.

ಕಾರ್ಖಾನೆಯಲ್ಲಿ ಇನ್ನೊಂದು ತೊಡಕಿದೆ. ಅಸಿಟೇಟ್ ನೀರಲ್ಲಿ ಕರಗುತ್ತದೆ, ಬೆಂಜೈಲ್ ಕ್ಲೋರೈಡ್ ಎಣ್ಣೆಯಂತೆ ಬೇರೆಯೇ ನಿಲ್ಲುತ್ತದೆ. ನೀರಿನ ಅಣುಗಳು ಮುತ್ತಿಕೊಂಡ ಅಸಿಟೇಟಿಗೆ ತನ್ನ ಎಲೆಕ್ಟ್ರಾನು ಜೋಡಿಯನ್ನು ಚಾಚಲು ಬಿಡುವೂ ಇರುವುದಿಲ್ಲ. ನಾಲ್ಕು ಇಂಗಾಲದ ಗುಂಪುಗಳನ್ನು ಹೊತ್ತ ಅಮೋನಿಯಂ ಲವಣವೊಂದನ್ನು ಚೂರು ಹಾಕಿದರೆ ಅದು ಅಸಿಟೇಟನ್ನು ನೀರಿನಿಂದ ಎಣ್ಣೆಯೊಳಕ್ಕೆ ದಾಟಿಸುತ್ತದೆ. ಆ ಲವಣವನ್ನು ತಯಾರಿಸುವುದೂ ಅಮೀನಿನ ನೈಟ್ರೋಜನ್ ಇಂಗಾಲದ ಬೆನ್ನಿಗೆ ಬೀಳುವ ಇದೇ ಕ್ರಿಯೆಯಿಂದ.

ಶಂಕರಪುರದ ಗಿಡ ಮಾತ್ರ ಕಾರ್ಖಾನೆಯ ದಾರಿ ಹಿಡಿಯುವುದಿಲ್ಲ. ಗಿಡದಲ್ಲಿ ಕ್ಲೋರೈಡ್ ಎಲ್ಲಿಯದು? ಹೂವು ಬೆಂಜೈಲ್ ಆಲ್ಕೋಹಾಲಿನಿಂದ ಶುರು ಮಾಡಿ ಅಸಿಟೈಲ್ ಕೋ-ಎ ಎಂಬ ಅಣುವಿನಿಂದ ಅಸಿಟೈಲ್ ಗುಂಪನ್ನು ಕಿಣ್ವದ ಸಹಾಯದಿಂದ ವರ್ಗಾಯಿಸಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಕೂಡುವ ಬಂಧ ಆಮ್ಲಜನಕದ ಒಂದು ಮಗ್ಗುಲಿನದು, ಹೂವಿನಲ್ಲಿ ಕೂಡುವುದು ಇನ್ನೊಂದು ಮಗ್ಗುಲಿನದು. ಹುಟ್ಟುವ ಬೆಂಜೈಲ್ ಅಸಿಟೇಟ್ ಎರಡೂ ಕಡೆ ಒಂದೇ, ಕೂದಲೆಳೆಯಷ್ಟೂ ಭೇದವಿಲ್ಲ. ಬಾಟಲಿಯ ಪರಿಮಳ ಹೂವಿನ ಮುಂದೆ ಸಪ್ಪೆಯೆನಿಸಿದರೆ ಅದಕ್ಕೆ ಕಾರಣ ಉಳಿದ ಹತ್ತಾರು ಅಣುಗಳ ಗೈರುಹಾಜರಿ.

ಹಾಗೆಂದು ಗಿಡಕ್ಕೆ ಆದೇಶನ ಕ್ರಿಯೆ ಗೊತ್ತಿಲ್ಲವೆಂದು ತಿಳಿಯಬಾರದು. ಮಲ್ಲಿಗೆಯ ಲಿನಲೂಲ್ ಹುಟ್ಟುವುದು ಎಸ್‌ಎನ್1ರ ಬಗೆಯಲ್ಲಿ. ಜೆರನೈಲ್ ಡೈಫಾಸ್ಫೇಟ್ ಎಂಬ ಅಣುವಿನಿಂದ ಫಾಸ್ಫೇಟಿನ ಗುಂಪು, ಮೆಗ್ನೀಸಿಯಂ ಅಯಾನಿನ ಒತ್ತಾಸೆಯಿಂದ, ಯಾರೂ ಬರುವ ಮೊದಲೇ ಎದ್ದು ಹೋಗುತ್ತದೆ. ಹಿಂದೆ ಉಳಿಯುವುದು ಚಪ್ಪಟೆಯಾದ ಧನ ಅಯಾನು. ಈಗ ಜಾಗ ಸಾರಾಸಗಟಾಗಿ ಖಾಲಿ. ಹತ್ತಿರದ ಪೈ ಬಂಧ ತನ್ನ ಎಲೆಕ್ಟ್ರಾನುಗಳನ್ನು ಅತ್ತ ಹರಡಿ ಅದನ್ನು ಸಮಾಧಾನ ಮಾಡುತ್ತಿರುತ್ತದೆ. ನೀರು ಬಂದು ಮೂರನೆಯ ಇಂಗಾಲಕ್ಕೆ ಕೂತರೆ ಲಿನಲೂಲ್, ಮೊದಲನೆಯದಕ್ಕೆ ಕೂತರೆ ಜೆರನಿಯಾಲ್. ಗಾಜಿನ ಪಾತ್ರೆಯಲ್ಲಾದರೆ ನೀರು ಚಪ್ಪಟೆ ಅಯಾನಿನ ಎರಡು ಮುಖಗಳಲ್ಲಿ ಯಾವುದಕ್ಕಾದರೂ ಬರಬಹುದು, ಎಡಬಲ ರೂಪಗಳೆರಡೂ ಹುಟ್ಟುತ್ತವೆ. ಕಿಣ್ವ ಒಂದು ಮುಖವನ್ನು ಮುಚ್ಚಿ ಹಿಡಿಯುತ್ತದೆ. ಹಾಗಾಗಿ ಅಡಿಗೆಮನೆಯ ಕೊತ್ತಂಬರಿ ಬೀಜದಲ್ಲಿರುವುದು ಹೆಚ್ಚಾಗಿ ಬೆಳಕನ್ನು ಬಲಕ್ಕೆ ತಿರುಗಿಸುವ ಲಿನಲೂಲ್, ಲ್ಯಾವೆಂಡರಿನಲ್ಲಿರುವುದು ಎಡದ್ದು.

ಜಾಜಿಯ ಎಣ್ಣೆಯಲ್ಲಿ 1962ರಲ್ಲಿ ಗುರುತಿಸಿದ ಮೀಥೈಲ್ ಜಾಸ್ಮೊನೇಟ್ ಅಪ್ಪಟ ಎಸ್‌ಎನ್2ರ ಕೂಸು. ಗಿಡಗಳಲ್ಲಿ ಅದಕ್ಕೆ ಮೀಥೈಲ್ ಗುಂಪು ಕೊಡುವುದು ಎಸ್-ಅಡೆನೊಸಿಲ್ ಮಿಥಿಯೊನೀನ್, ಮನುಷ್ಯನ ಜೀವಕೋಶದಲ್ಲೂ ದುಡಿಯುವ ಅದೇ ಅಣು. ಹೀಗೆ ಮೀಥೈಲ್ ಗುಂಪನ್ನು ವರ್ಗಾಯಿಸುವ ಕಿಣ್ವಗಳಲ್ಲೂ ಅದು ಮಗುಚುತ್ತದೆಯೇ? ಮೂರೂ ಹೈಡ್ರೋಜನ್ ಒಂದೇ ತೆರನಾಗಿರುವಾಗ ಮಗುಚಿದ್ದು ಗೊತ್ತಾಗುವುದಾದರೂ ಹೇಗೆ? 1980ರಲ್ಲಿ ಹೈಂಟ್ಸ್ ಫ್ಲಾಸ್ ಮತ್ತು ಸಂಗಡಿಗರು ಒಂದು ಹೈಡ್ರೋಜನ್, ಒಂದು ಡ್ಯೂಟೀರಿಯಂ, ಒಂದು ಟ್ರಿಟಿಯಂ ಹೊತ್ತ ಮೀಥೈಲ್ ಗುಂಪನ್ನು ಕಟ್ಟಿ, ಪ್ರಾಣಿಗಳ ಇಂಥದೇ ಒಂದು ಕಿಣ್ವದಲ್ಲಿ ಪರೀಕ್ಷಿಸಿ ನೋಡಿದರು. ಮಗುಚಿತ್ತು.

ಪರಿಮಳದ ಆಚೆಗೂ ಈ ಜಿಲ್ಲೆಯಲ್ಲಿ ಉದಾಹರಣೆಗಳಿಗೆ ಬರವಿಲ್ಲ. ಕಾರ್ಕಳದ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಬೇರೆಯಾದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಕೈ ಸುಡುವ ಎಣ್ಣೆಯಿದೆ. ಕರಾವಳಿಯಲ್ಲಿ ಮರದ ದೋಣಿ ಹಾಳಾಗದಂತೆ ಅದನ್ನು ಬಳಿಯುತ್ತಿದ್ದರು. ಈಗ ಆ ಎಣ್ಣೆಯಿಂದ ತೆಗೆದ ಕಾರ್ಡನಾಲಿನಿಂದ ಅಮೀನುಗಳನ್ನು ತಯಾರಿಸಿ, ಹಡಗು ಸೇತುವೆಗಳ ಎಪಾಕ್ಸಿ ಬಣ್ಣವನ್ನು ಗಟ್ಟಿ ಮಾಡಲು ಬಳಸುತ್ತಾರೆ. ತೇವದಲ್ಲೂ ಅದು ಗಟ್ಟಿಯಾಗುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ. ಎಪಾಕ್ಸಿಯಲ್ಲಿ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಮೂರು ಮೂಲೆಯ ಪುಟ್ಟ ಉಂಗುರವಿದೆ, ಕೋನಗಳು ಮುರಿಯುವಷ್ಟು ಬಿಗಿ. ಅಮೀನಿನ ಎಲೆಕ್ಟ್ರಾನು ಜೋಡಿ ಆಮ್ಲಜನಕದ ವಿರುದ್ಧ ಬದಿಯಿಂದ ಇಂಗಾಲಕ್ಕೆ ತಾಗಿದಾಗ ಉಂಗುರ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಹೊರಟ ಆಮ್ಲಜನಕ ದೂರ ಹೋಗಲಾರದು, ಪಕ್ಕದ ಇಂಗಾಲಕ್ಕೆ ಕಟ್ಟಿಕೊಂಡೇ ಇರುತ್ತದೆ. ಹೀಗೆ ಸಾವಿರಾರು ಕಡೆ ಗಂಟು ಬಿದ್ದು ಬಣ್ಣ ಕಲ್ಲಾಗುತ್ತದೆ.

ಮಣಿಪಾಲದಂಥ ಕಡೆ ಕ್ಯಾನ್ಸರ್ ವಾರ್ಡುಗಳಲ್ಲಿ ಕೊಡುವ ಔಷಧಿಗಳಲ್ಲೂ ಈ ಕ್ರಿಯೆಯದೊಂದು ಶಾಖೆಯಿದೆ. ಮೊದಲ ಮಹಾಯುದ್ಧದಲ್ಲಿ 1917ರಲ್ಲಿ ಬಳಸಿದ ಮಸ್ಟರ್ಡ್ ಅನಿಲದ ಗಂಧಕದ ಬದಲು ನೈಟ್ರೋಜನ್ ಇಟ್ಟರೆ ನೈಟ್ರೋಜನ್ ಮಸ್ಟರ್ಡ್. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಗಿಲ್‌ಮನ್ ಮತ್ತು ಗುಡ್‌ಮನ್ ಅದನ್ನು ರೋಗಿಯೊಬ್ಬರಿಗೆ ಕೊಟ್ಟು ನೋಡಿದ್ದರು. ಇಂದಿನ ಸೈಕ್ಲೋಫಾಸ್ಫಮೈಡ್, ಮೆಲ್ಫಲಾನ್ ಅದೇ ಕುಟುಂಬದವು. ಇಲ್ಲಿ ನೈಟ್ರೋಜನ್ ಮೊದಲು ತನ್ನದೇ ಅಣುವಿನ ಇಂಗಾಲದ ಬೆನ್ನಿಗೆ ಬಾಗಿ ಕ್ಲೋರಿನ್ನನ್ನು ಕಳಚಿ ಮೂರು ಮೂಲೆಯ ಉಂಗುರವಾಗುತ್ತದೆ. ಆ ಉಂಗುರವನ್ನು ಡಿಎನ್‌ಎಯ ಗ್ವಾನೀನ್ ಬಿಡಿಸುತ್ತದೆ, ಬಿಡಿಸುವ ಭರದಲ್ಲಿ ತಾನೇ ಸಿಕ್ಕಿಬೀಳುತ್ತದೆ. ಅಣುವಿನ ಇನ್ನೊಂದು ತುದಿಯಲ್ಲೂ ಇದೇ ನಡೆದು ಡಿಎನ್‌ಎಯ ಎರಡು ಎಳೆಗಳು ಹೀಗೆ ಹೊಲಿದುಕೊಂಡ ಕೋಶ ವಿಭಜನೆಯಾಗಲಾರದು. ಬೇಗ ಬೇಗ ವಿಭಜಿಸುವ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ, ಕೂದಲುದುರುವುದು ಅದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು. 2008ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ರೋಲಂಡ್ ವೆಸ್ಟರ್ ಮತ್ತು ಸಂಗಡಿಗರು ದ್ರಾವಕವಿಲ್ಲದ ನಿರ್ವಾತ ಕೋಣೆಯಲ್ಲಿ ಕ್ಲೋರೈಡ್ ಅಯಾನುಗಳನ್ನು ಮೀಥೈಲ್ ಅಯೋಡೈಡಿಗೆ ಢಿಕ್ಕಿ ಹೊಡೆಸಿ ಅಯೋಡೈಡ್ ಯಾವ ದಿಕ್ಕಿಗೆ ಹಾರುತ್ತದೆಂದು ಚಿತ್ರಿಸಿದರು. ವೇಗ ಹೆಚ್ಚಿಸಿದಾಗ ಹೆಚ್ಚಿನವು ಬೆನ್ನಿನಿಂದ ತಾಗಿ ನೇರ ಮುಂದಕ್ಕೆ ಹಾರಿದವು. ಕೆಲವು ಮಾತ್ರ ಬೇರೆ ಆಟ ಆಡಿದವು: ಕ್ಲೋರೈಡ್ ಬಡಿದ ರಭಸಕ್ಕೆ ಮೀಥೈಲ್ ಗುಂಪು ಅಯೋಡಿನ್ನಿನ ಸುತ್ತ ಒಂದು ಗಿರಕಿ ಹೊಡೆದು, ಆಮೇಲೆ ಬೆನ್ನು ಕೊಟ್ಟಿತು.

ಈ ಪಾಠ ಓದುತ್ತಿರುವ ಪಿಯುಸಿ ವಿದ್ಯಾರ್ಥಿಗಳಿಗೆ ಕೊನೆಯಲ್ಲಿ ಒಂದು ಲೆಕ್ಕ. ನಿಯೋಪೆಂಟೈಲ್ ಬ್ರೋಮೈಡ್ ಪ್ರೈಮರಿ ಹ್ಯಾಲೈಡ್. ಕೋಷ್ಟಕದ ಪ್ರಕಾರ ಅದಕ್ಕೆ ಎಸ್‌ಎನ್2 ಸಲೀಸಾಗಿ ಆಗಬೇಕು. ಆದರೆ ಅದರ ವೇಗ ಈಥೈಲ್ ಬ್ರೋಮೈಡಿನ ಒಂದು ಲಕ್ಷದ ಒಂದು ಭಾಗದಷ್ಟು. ಅಣುವಿನ ಚಿತ್ರ ಬರೆಯಿರಿ, ಬ್ರೋಮಿನ್ನಿಗೆ ವಿರುದ್ಧ ದಿಕ್ಕಿನಲ್ಲಿ ಖಾಲಿ ಹಾಲೆಯನ್ನು ಗುರುತಿಸಿ, ಆ ಹಾಲೆಗೆ ಹೋಗುವ ದಾರಿಯಲ್ಲಿ ಏನೇನು ನಿಂತಿದೆ ಎಂದು ನೋಡಿ.